ಸರ್ಪಸುತ್ತು ಮಗುವಿಗೆ ಅಂಟುತ್ತಾ?

ನಿಮ್ಮ ತಂದೆಯವರ ಸೊಂಟಕ್ಕೆ ನಿನ್ನೆ ಎದ್ದ ಸರ್ಪಸುತ್ತು ಎಂಟು ತಿಂಗಳ ಮಗುವಿಗೆ ಅಂಟುತ್ತಾ ಅಂತ ಕೇಳಿದ್ದೀರಿ. ಸರ್ಪಸುತ್ತಾಗಿ ಅಂಟುವುದಿಲ್ಲ, ಚಿಕನ್‌ಪಾಕ್ಸ್ ಆಗಿ ಅಂಟಬಹುದು. ಎರಡಕ್ಕೂ ವೈರಸ್ ಒಂದೇ. ಚಿಕ್ಕಂದಿನಲ್ಲಿ ಅವರಿಗೆ ‘ಅಮ್ಮ’ ಆಗಿತ್ತು ಅಂದಿರಲ್ಲ, ಆ ವೈರಸ್ ನರದ ಬುಡದಲ್ಲಿ ಸುಮ್ನೆ ಮಲಗಿದ್ದು ಈಗ ಎದ್ದಿದೆ, ಅಷ್ಟೇ.

ಅಂಟುವುದು ಗುಳ್ಳೆಯ ನೀರಿನಿಂದ. ಎಲ್ಲಾ ಒಣಗಿ ಹಕ್ಕಳೆ ಕಟ್ಟುವವರೆಗೆ ಆ ಜಾಗ ಮುಚ್ಚಿರಲಿ, ಟವೆಲ್ ಬೇರೆ ಇರಲಿ, ಮಗುವನ್ನು ಎತ್ತಿಕೊಳ್ಳುವುದು ಬೇಡ. ತಾತನಿಗೆ ಬೇಜಾರಾಗುತ್ತೆ, ನಿಜ. ಮನೆಯಲ್ಲಿ ಬಸುರಿಯರಿದ್ದರೆ ಅವರೂ ದೂರ ಇರಲಿ.

ಗುಳ್ಳೆಗಳು ಮೈ ಸುತ್ತಿಬಂದು ತಲೆ-ಬಾಲ ಕೂಡಿದರೆ ಪ್ರಾಣಕ್ಕೇ ಅಪಾಯ ಅನ್ನುವ ಮಾತಿಗೆ ಹೆದರಬೇಡಿ. ಒಂದೇ ನರದ ಜಾಡು ಹಿಡಿಯುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ನಿಲ್ಲುತ್ತವೆ.

ನಮ್ಮತ್ತೆಗೆ ಕೆಮ್ಮಣ್ಣು ಹಚ್ಚುತ್ತಾ ನಾಲ್ಕು ದಿನ ಕಳೆದುಬಿಟ್ಟೆವು. ವೈರಸ್ ತಡೆಯುವ ಅಸೈಕ್ಲೋವಿರ್‌ನಂಥ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಜಾಸ್ತಿ ಉಪಯೋಗ ಅಂತ ಆಮೇಲೆ ಗೊತ್ತಾಯಿತು. ಗುಳ್ಳೆ ಮಾಸಿದರೂ ಆರು ತಿಂಗಳು ಸೀರೆಯ ನೆರಿಗೆ ತಾಗಿದರೆ ಸಾಕು, ಉರಿ ಅಂತ ನರಳುತ್ತಿದ್ದರು. ನೀವು ಇವತ್ತೇ ಡಾಕ್ಟರಿಗೆ ತೋರಿಸಿ. ಮಗು ಈಗಾಗಲೇ ಗುಳ್ಳೆ ಮುಟ್ಟಿದ್ದರೆ ಮಕ್ಕಳ ಡಾಕ್ಟರಿಗೂ ಒಂದು ಫೋನ್ ಮಾಡಿ.