ಸಂಬಳದ ಚೀಟಿಯೊಳಗಿನ ಸದ್ಗುಣ

ಈ ಸಲ ಬಂದ ಪತ್ರಗಳಲ್ಲಿ ನಿವೃತ್ತ ಅಧ್ಯಾಪಕರೊಬ್ಬರದ್ದು ನಾಲ್ಕು ಪುಟ. ಮುತ್ತು ಪೋಣಿಸಿದಂಥ ಅಕ್ಷರ, ಸಾಲು ಸಾಲಿಗೂ ಸಿಟ್ಟು. ಅವರು ಒಂದೇ ಸಂಸ್ಥೆಯಲ್ಲಿ 34 ವರ್ಷ ದುಡಿದವರು. ಮಗ ಆರು ವರ್ಷಗಳಲ್ಲಿ ನಾಲ್ಕು ಕೆಲಸ ಬದಲಿಸಿದ್ದಾನೆ. ಉಳಿತಾಯದ ಮಾತೆತ್ತಿದರೆ ‘ನೋಡೋಣ’ ಎನ್ನುತ್ತಾನೆ. 45ಕ್ಕೆಲ್ಲ ನಿವೃತ್ತನಾಗುತ್ತೇನೆ ಎಂದೂ ಹೇಳುತ್ತಾನೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚಿದವರು ನಾವು. ಈ ಪೀಳಿಗೆಗೆ ನಾಳೆಯ ಚಿಂತೆಯೇ ಇಲ್ಲವೇ?’ ಎಂದು ನನ್ನನ್ನು ಕೇಳಿದ್ದಾರೆ.

ಮೇಷ್ಟರೇ, ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಬೇಗ ಶುರು ಮಾಡಿದವನಿಗೆ ಚಕ್ರಬಡ್ಡಿ ಒಲಿಯುತ್ತದೆ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗಲು ಬೇಕಾಗುವ ವರ್ಷಗಳು ಸರಿಸುಮಾರು ಸಿಗುತ್ತವೆ ಎಂಬ ಹಳೆಯ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ. ಶೇ 8ರಂತೆ ಬೆಳೆದರೆ ಒಂಬತ್ತು ವರ್ಷಕ್ಕೊಮ್ಮೆ ಇಮ್ಮಡಿ. 25ನೇ ವಯಸ್ಸಿನಲ್ಲಿ ಇಟ್ಟ ಗಂಟು 61ಕ್ಕೆ 16 ಪಟ್ಟಾಗುತ್ತದೆ. ಅದೇ ಗಂಟನ್ನು 34ರಲ್ಲಿ ಇಟ್ಟರೆ ಎಂಟೇ ಪಟ್ಟು. ಮಗನಿಗೆ ಇದನ್ನು ಹೇಳಿ. ಗದರಿಸದೆ ಹೇಳಿ. ನಿಮ್ಮ ಪರವಾಗಿ ನಾನು ವಾದಿಸಬಹುದಾದದ್ದು ಇಷ್ಟೇ.

ಈಗ ನನ್ನದೊಂದು ತಪ್ಪೊಪ್ಪಿಗೆ. ಮೊದಲ ಕೆಲಸಕ್ಕೆ ಸೇರಿದ ದಿನ ಗುಮಾಸ್ತರು ಒಂದು ಹಾಳೆಯನ್ನು ನನ್ನ ಮುಂದೆ ತಳ್ಳಿ, ಚುಕ್ಕೆಗೆರೆಯ ಮೇಲೆ ಬೆರಳಿಟ್ಟು ‘ಇಲ್ಲಿ’ ಎಂದರು. ಏನು ಎತ್ತ ಎಂದು ಕೇಳದೆ ಸಹಿ ಹಾಕಿದೆ. ಅಂದಿನಿಂದ ಪ್ರತಿ ತಿಂಗಳ ಸಂಬಳದ ಚೀಟಿಯಲ್ಲಿ, ಕಾರ್ಬನ್ನಿನ ಮಸುಕು ನೇರಳೆಯಲ್ಲಿ, ‘ಕಡಿತ’ ಎಂಬ ಕಲಮು. ಅದನ್ನು ಕಂಡಾಗಲೆಲ್ಲ ಮೈ ಉರಿಯುತ್ತಿತ್ತು. ಒಮ್ಮೆ ಹೋಗಿ ಇದನ್ನು ನಿಲ್ಲಿಸಿ ಎಂದು ಕೇಳಿಯೂ ಕೇಳಿದೆ. ಅವರು ತಲೆ ಎತ್ತದೆ, ‘ಬರುವುದಿಲ್ಲ’ ಎಂದರು. ವರ್ಷಗಳ ಮೇಲೆ ಆ ಕಲಮೆಲ್ಲ ಕೂಡಿ ಇಡಿಗಂಟಾಗಿ ಕೈಗೆ ಬಂದ ದಿನ ನಾನು ಮನೆಮಂದಿಯ ಮುಂದೆ ಮಿತವ್ಯಯದ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಮಾಡಿದೆ! ಉಳಿಸಿದವನು ನಾನಲ್ಲ, ಆ ಗುಮಾಸ್ತರು. ನಿಮ್ಮ 34 ವರ್ಷಗಳಲ್ಲೂ ಅಂಥವರೊಬ್ಬರು ಎಲ್ಲೋ ಕುಳಿತಿದ್ದರು ಎಂಬುದು ನನ್ನ ಗುಮಾನಿ.

ನಾವು ಗುಣ ಎಂದುಕೊಂಡದ್ದರಲ್ಲಿ ಬಹುಪಾಲು ಏರ್ಪಾಡು. ಆ ಏರ್ಪಾಡಾದರೂ ಅನಾದಿಯದೇನಲ್ಲ. ಬಿಸ್ಮಾರ್ಕ್‌ನ ಜರ್ಮನಿ ವೃದ್ಧಾಪ್ಯ ವೇತನದ ಕಾನೂನು ತಂದದ್ದು 1889ರಲ್ಲಿ. ಅದು ಕೈಗೆ ಸಿಗಬೇಕಾದರೆ 70 ತುಂಬಬೇಕಿತ್ತು. 65ಕ್ಕೆ ಇಳಿದದ್ದು 1916ರಲ್ಲಿ. ಅಮೆರಿಕದ ಸಾಮಾಜಿಕ ಭದ್ರತಾ ಕಾನೂನು ಬಂದದ್ದು 1935ರಲ್ಲಿ. ಅಲ್ಲಿ ತಿಂಗಳ ಪಿಂಚಣಿಯ ಮೊದಲ ಚೆಕ್ ಪಡೆದಾಕೆ ಐಡಾ ಮೇ ಫುಲ್ಲರ್. 1940ರ ಜನವರಿಯ ಆ ಚೆಕ್ಕಿನ ಮೊತ್ತ 22.54 ಡಾಲರ್. ಆಕೆ ಮೂರು ವರ್ಷಗಳಲ್ಲಿ ಕಟ್ಟಿದ್ದ ವಂತಿಗೆ ಒಟ್ಟು 24.75 ಡಾಲರ್, ಅಂದರೆ ಎರಡನೆಯ ಚೆಕ್ಕಿಗೇ ಅಸಲು ದಾಟಿತು. ಆಕೆ ನೂರು ವರ್ಷ ಬದುಕಿ, 22 ಸಾವಿರ ಡಾಲರಿಗೂ ಹೆಚ್ಚು ಪಡೆದು ತೀರಿಕೊಂಡರು. ಅವರ ಭಾಗ್ಯಕ್ಕೆ ಹೊಟ್ಟೆಕಿಚ್ಚು ಪಡುತ್ತಿಲ್ಲ. ಆದರೆ ಅದನ್ನು ಮುಂದಾಲೋಚನೆ ಎಂದು ಯಾರಾದರೂ ಪಾಠ ಹೇಳಲು ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಆಮೇಲೆ ಏನಾಯಿತು ನೋಡಿ. 1978ರಲ್ಲಿ ಅದೇ ಅಮೆರಿಕದ ತೆರಿಗೆ ಕಾನೂನಿಗೆ 401(ಕೆ) ಎಂಬ ಉಪವಿಧಿಯೊಂದು ಸೇರಿತು. ನೌಕರ ಸಂಬಳದ ಒಂದು ಪಾಲನ್ನು ತನ್ನದೇ ನಿವೃತ್ತಿ ಖಾತೆಗೆ ಹಾಕಿಕೊಳ್ಳಲು ದಾರಿ ಮಾಡಿಕೊಟ್ಟ ವಿಧಿ ಅದು. ಯಾರೂ ಅದನ್ನು ಪಿಂಚಣಿಗೆ ಬದಲಿ ಎಂದು ಬಗೆದಿರಲಿಲ್ಲ. ಕೆಲವೇ ದಶಕಗಳಲ್ಲಿ ಖಾಸಗಿ ಕಂಪನಿಗಳ ಪಿಂಚಣಿಯ ಜಾಗದಲ್ಲಿ ಬಹುಮಟ್ಟಿಗೆ ಅದೇ ಬಂದು ಕುಳಿತಿತು. 1981ರಲ್ಲಿ ಚಿಲಿ ತನ್ನ ಪಿಂಚಣಿಯನ್ನೇ ವೈಯಕ್ತಿಕ ಖಾತೆಗಳಾಗಿ ಒಡೆಯಿತು. ಮೊದಲು ‘ನಿವೃತ್ತಿಯ ನಂತರ ಇಷ್ಟು ಕೊಡುತ್ತೇವೆ’ ಎಂದು ಮಾಲೀಕ ಮಾತು ಕೊಡುತ್ತಿದ್ದ. ಪೇಟೆ ಬಿದ್ದರೆ ತಲೆನೋವು ಅವನದು. ಈಗ ‘ಇಷ್ಟು ಹಾಕುತ್ತೇವೆ, ಮುಂದಿನದು ನಿನ್ನ ಹಣೆಬರಹ’ ಎನ್ನುತ್ತಾನೆ. ನಿಮ್ಮ ಮಗನಿಗೆ ಸಿಕ್ಕಿರುವ ಹಾಸಿಗೆಯ ಅಳತೆ ರಾತ್ರೋರಾತ್ರಿ ಬದಲಾಗುತ್ತದೆ. ಅವನು ಕಾಲನ್ನು ಎಷ್ಟೆಂದು ಮಡಚಬೇಕು?

ಅನುಭವ ಕೈಯನ್ನು ಹೇಗೆ ಕಟ್ಟುತ್ತದೆ ಎಂಬುದನ್ನು ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ಸ್ಟೆಫಾನ್ ನಾಗೆಲ್ ಎಂಬ ಅರ್ಥಶಾಸ್ತ್ರಜ್ಞರು 2011ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಬದುಕಿನುದ್ದಕ್ಕೂ ಷೇರುಪೇಟೆಯ ಕೆಟ್ಟ ದಿನಗಳನ್ನೇ ಹೆಚ್ಚಾಗಿ ಕಂಡವರು ಆಮೇಲೂ ಷೇರಿನತ್ತ ಸುಳಿಯುವುದು ಕಡಿಮೆ. ಕಿರಿಯರ ಮೇಲಂತೂ ಇತ್ತೀಚಿನ ಪೆಟ್ಟಿನ ಭಾರ ಇನ್ನೂ ಹೆಚ್ಚು. 2008ರ ಕುಸಿತವನ್ನು ಅಪ್ಪಂದಿರ ಮುಖದಲ್ಲಿ ಕಂಡು, 2020ರಲ್ಲಿ ಕೆಲಸಗಳು ಕಣ್ಣೆದುರೇ ಮಾಯವಾದದ್ದನ್ನು ನೋಡಿದವರು ‘ನೋಡೋಣ’ ಎಂದರೆ ನನಗೆ ಅದು ಉಡಾಫೆಯಾಗಿ ಕೇಳಿಸುವುದಿಲ್ಲ.

ಉಪದೇಶದಿಂದ ಆಗದ್ದು ಒಂದು ಹಾಳೆಯಿಂದ ಆಗುತ್ತದೆ ಎಂಬುದಕ್ಕೆ ಬ್ರಿಟನ್ ಸಾಕ್ಷಿ. 2012ರಿಂದ ಅಲ್ಲಿ ಅರ್ಹ ನೌಕರರನ್ನು ಮಾಲೀಕರೇ ಪಿಂಚಣಿ ಯೋಜನೆಗೆ ಸೇರಿಸಬೇಕು, ಬೇಡವೆಂದವರು ಹೊರಬರಬಹುದು. ಬಹುಪಾಲು ಜನ ಹೊರಬರಲಿಲ್ಲ. ಸೇರಿದವರ ಪ್ರಮಾಣ ಹೆಚ್ಚು ಜಿಗಿದದ್ದು ಯಾರಲ್ಲಿ ಅನ್ನುತ್ತೀರಿ? ಇಪ್ಪತ್ತರ ಹರೆಯದವರಲ್ಲಿ. ನಾಳೆಯ ಚಿಂತೆ ಇಲ್ಲವೆಂದು ನೀವು ಬೈದ ವಯಸ್ಸಿನವರಲ್ಲಿ!

ಅಂದ ಹಾಗೆ, ಚಿಂತೆಯೇ ಇಲ್ಲದವನು 45 ಎಂಬ ಗಡುವನ್ನು ಇಟ್ಟುಕೊಳ್ಳುತ್ತಾನೆಯೇ? ಅವನ ಲೆಕ್ಕ ತಪ್ಪಿರಬಹುದು. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡೇ ವರ್ಷದಲ್ಲಿ ಗಂಟು ಅರ್ಧಕ್ಕೆ ಇಳಿದಂತೆ. 45ಕ್ಕೆ ಕುಳಿತವನು 81 ಮುಟ್ಟುವಷ್ಟರಲ್ಲಿ ಹೀಗೆ ಮೂರು ಸಲ ಅರ್ಧವಾಗಿರುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಅವನಿಗೆಂದೇ ಹುಟ್ಟಿದಂತಿದೆ. ಆದರೂ ಅದು ಸೋಮಾರಿಯ ಮಾತಲ್ಲ, ದಣಿದವನ ಮಾತು ಎಂದು ನನ್ನ ಕಿವಿ ಹೇಳುತ್ತದೆ. ಸಾಧ್ಯವಾದರೆ ಅವನ ಲೆಕ್ಕದ ಹಾಳೆಯನ್ನು ಒಮ್ಮೆ ತರಿಸಿಕೊಂಡು ನೋಡಿ.

ಇನ್ನೊಂದು ಮಾತು, ಬೇಸರಪಡಬೇಡಿ. ನಾಲ್ಕು ಪುಟಗಳಲ್ಲಿ ನಿಮ್ಮ ಪತ್ನಿಯ ಪ್ರಸ್ತಾಪ ಒಂದೇ ಕಡೆ, ಅದೂ ‘ಮನೆಯವರು’ ಎಂದು. ನೀವು ಒಂದೇ ಕಡೆ 34 ವರ್ಷ ದುಡಿದಿರಿ, ಸರಿ. ಅವರು ಎಷ್ಟು ವರ್ಷದಿಂದ ಒಂದೇ ಕಡೆ ದುಡಿಯುತ್ತಿದ್ದಾರೆ? ಅವರ ನಿವೃತ್ತಿ ಯಾವಾಗ? ಅವರ ಸಂಬಳದ ಚೀಟಿಯನ್ನು ಯಾವ ಗುಮಾಸ್ತರೂ ಬರೆದಿಲ್ಲ. ಪೀಳಿಗೆಗಳ ವ್ಯತ್ಯಾಸ ಎಂದು ನಾವು ಬಾಯಿ ತುಂಬ ಮಾತನಾಡುವಾಗ, ಎರಡೂ ಪೀಳಿಗೆಯಲ್ಲಿ ಒಂದೇ ರೀತಿ ಲೆಕ್ಕಕ್ಕೆ ಸಿಗದೆ ಹೋದವರು ಇವರು.

ಕೊನೆಗೆ ಈ ಯೋಜನೆಗಳ ಕಾಗದಪತ್ರಗಳ ಕನ್ನಡ. ಮೊನ್ನೆ ಒಂದು ನಿವೃತ್ತಿ ಯೋಜನೆಯ ಕೈಪಿಡಿ ಓದಲು ಕುಳಿತೆ. ಮುಖಪುಟದಲ್ಲಿ ನಗುವ ವೃದ್ಧ ದಂಪತಿ, ಒಳಗೆ ಇರುವೆ ಸಾಲಿನಂಥ ಅಕ್ಷರ. ‘ಸದರಿ ಮೊತ್ತವು ಮೇಲ್ಕಾಣಿಸಿದ ಷರತ್ತುಗಳಿಗೊಳಪಟ್ಟು ಅನ್ವಯಿಸತಕ್ಕದ್ದು’ ಎಂಬಲ್ಲಿ ಮೇಲೆ ಕಾಣಿಸಿದ್ದು ಏನೂ ಇರಲಿಲ್ಲ. ಮೂವತ್ತು ವರ್ಷ ಭಾಷೆಯಲ್ಲೇ ಅನ್ನ ದುಡಿದ ನನಗೇ ನನ್ನ ಹಣ ಯಾವ ವರ್ಷ ಕೈಗೆ ಬರುತ್ತದೆ ಎಂದು ತಿಳಿಯಲಿಲ್ಲ. ಇದನ್ನು ಹುಡುಗರ ಕೈಗೆ ಕೊಟ್ಟು, ಅವರು ಓದದೆ ಬದಿಗಿಟ್ಟರೆ ಬೇಜವಾಬ್ದಾರಿ ಎನ್ನುತ್ತೇವೆ. ಚುಕ್ಕೆಗೆರೆಯ ಮೇಲೆ ಬೆರಳಿಟ್ಟು ‘ಇಲ್ಲಿ’ ಎನ್ನುವವರೂ ಈಗ ಇಲ್ಲ.

‘ಹೆಸರು ಹಾಕಬೇಡಿ, ಮಗ ನಿಮ್ಮ ಪತ್ರಿಕೆ ಓದುತ್ತಾನೆ’ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಹಾಕಿಲ್ಲ. ಆರು ವರ್ಷ, ನಾಲ್ಕು ಕೆಲಸ ಎಂಬ ಲೆಕ್ಕದಿಂದಲೇ ಅವನು ಗುರುತು ಹಿಡಿದರೆ ನಾನು ಹೊಣೆಯಲ್ಲ.

– ಸಂ.