ರಷ್ ಇದ್ದೂ ಹಂಟ್ ಯಾಕೆ ಮೊದಲು?

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಸಾರ್ವಕಾಲಿಕ ಶ್ರೇಷ್ಠ ಸ್ಟ್ರೈಕರ್‌ಗಳ, ಅಂದರೆ ಮುಂದೆ ನಡುವೆ ನಿಂತು ಗೋಲು ಹೊಡೆಯುವವರ, ಪಟ್ಟಿ ಹಾಕಿದ್ದೆವು. ಕ್ರಮ ಹೀಗಿತ್ತು: ರೋಜರ್ ಹಂಟ್, ಇಯಾನ್ ರಷ್, ಕೆನ್ನಿ ಡಾಲ್ಗ್ಲಿಷ್, ಗೋರ್ಡನ್ ಹಾಡ್ಜ್‌ಸನ್, ಲೂಯಿಸ್ ಸ್ವಾರೆಜ್, ರಾಬಿ ಫೌಲರ್, ಮೈಕೆಲ್ ಓವೆನ್, ಫರ್ನಾಂಡೊ ಟಾರೆಸ್. ಪಟ್ಟಿ ಹಾಕಿದ ಮೇಲೆ ಬೈಗುಳ ಬರದೇ ಇರುತ್ತದೆಯೇ? ಬಂದವುಗಳಲ್ಲಿ ದಾವಣಗೆರೆಯ ಓದುಗರೊಬ್ಬರ ಪತ್ರ ಎಲ್ಲಕ್ಕಿಂತ ಖಾರ, ಎಲ್ಲಕ್ಕಿಂತ ಚೊಕ್ಕ. ಅದು ಹೀಗಿದೆ:

“ಮಾನ್ಯ ಸಂಪಾದಕರೇ, ರಷ್ ಹೊಡೆದಿದ್ದು 346 ಗೋಲು. ಹಂಟ್ 285. ನಿಮ್ಮ ಕಚೇರಿಯಲ್ಲಿ ಯಾರಿಗೂ ಕಳೆಯುವ ಲೆಕ್ಕ ಬರುವುದಿಲ್ಲವೇ? ಹೋಗಲಿ, ಹಂಟ್ ಆಟವನ್ನು ನಿಮ್ಮಲ್ಲಿ ಯಾರು ನೋಡಿದ್ದೀರಿ? ಒಟ್ಟು ಗೋಲು ಮುಖ್ಯವಲ್ಲ, ಪಂದ್ಯಕ್ಕೆ ಎಷ್ಟು ಅನ್ನುವುದೇ ಮುಖ್ಯ ಎನ್ನುವುದಾದರೆ ಸ್ವಾರೆಜ್ ಮೇಲೆ ಬರಬೇಕು. 133 ಪಂದ್ಯಕ್ಕೆ 82 ಗೋಲು! ಅವರನ್ನು ಐದನೇ ಜಾಗಕ್ಕೆ ತಳ್ಳಿದ್ದೀರಿ. ಇನ್ನು ಸಲಾ ಹೆಸರೇ ಇಲ್ಲ. ಹಳೆಯದೆಲ್ಲ ಚಿನ್ನ ಅನ್ನುವ ರೋಗ ನಿಮಗೂ ತಗುಲಿದೆ.”

ಸಲಾ ವಿಷಯ ಮೊದಲು ಮುಗಿಸುತ್ತೇನೆ. ಮೊಹಮ್ಮದ್ ಸಲಾ 2025ರ ಮಾರ್ಚ್‌ನಲ್ಲಿ ಹಾಡ್ಜ್‌ಸನ್ ಅವರ 241 ಗೋಲುಗಳನ್ನು ದಾಟಿ ಕ್ಲಬ್ಬಿನ ಒಟ್ಟು ಲೆಕ್ಕದಲ್ಲಿ ಮೂರನೆಯವರಾದರು. ಅದರ ಬಗ್ಗೆ ತಕರಾರಿಲ್ಲ. ಆದರೆ ಅವರು ಆಡಿದ್ದು ಬಲಗಡೆಯ ರೆಕ್ಕೆಯಲ್ಲಿ, ಅಂದರೆ ಮೈದಾನದ ಬಲ ಅಂಚಿನಲ್ಲಿ. ನಡುವೆ ವರ್ಷಗಟ್ಟಲೆ ನಿಂತವರು ಅವರ ಜೊತೆಗಾರ ಫರ್ಮಿನೊ. ಡಿಫೆಂಡರ್‌ಗಳನ್ನು ಎಳೆದುಕೊಂಡು ಹಿಂದಕ್ಕೆ ಬಂದು, ಸಲಾಗೆ ದಾರಿ ಬಿಟ್ಟುಕೊಟ್ಟವರು ಅವರೇ. ಸಲಾ ಅವರನ್ನು ಸ್ಟ್ರೈಕರ್ ಅಂದರೆ, 228 ಗೋಲು ಹೊಡೆದ ಬಿಲ್ಲಿ ಲಿಡೆಲ್ ಅವರನ್ನೂ ಅನ್ನಬೇಕಾಗುತ್ತದೆ. ಅವರೂ ಹೆಚ್ಚಾಗಿ ರೆಕ್ಕೆಯ ಆಟಗಾರ. ಕ್ಲಬ್ಬಿನ ಅತ್ಯುತ್ತಮ ಆಟಗಾರರು ಯಾರು ಅಂತ ಪಟ್ಟಿ ಮಾಡಿದ ದಿನ ಇಬ್ಬರೂ ಮೇಲಿರುತ್ತಾರೆ, ಚಿಂತೆ ಬೇಡ.

ಈಗ ನಿಮ್ಮ ಸರಾಸರಿ. ಈ ಲೆಕ್ಕ ನನಗೆ ತುಂಬಾ ಇಷ್ಟ, ಯಾಕೆಂದರೆ ಇದು ನಿಮ್ಮ ಕಡೆಗೇ ತಿರುಗುತ್ತದೆ. ಸ್ವಾರೆಜ್ ಅವರದ್ದು ನೂರು ಪಂದ್ಯಕ್ಕೆ ಸುಮಾರು 62 ಗೋಲು. ಹಾಡ್ಜ್‌ಸನ್ 377 ಪಂದ್ಯಗಳಲ್ಲಿ 241, ಅಂದರೆ ನೂರಕ್ಕೆ 64. ನಿಮ್ಮದೇ ಅಳತೆಯಲ್ಲಿ ಸ್ವಾರೆಜ್ ಮೇಲೆ ಇನ್ನೊಬ್ಬರು ಕೂತಿದ್ದಾರೆ.

ರಷ್ ಅವರದ್ದನ್ನೂ ನೋಡಿ. 660 ಪಂದ್ಯ, 346 ಗೋಲು, ನೂರಕ್ಕೆ 52. ಕಡಿಮೆ ಅನ್ನಿಸುತ್ತೆ, ಅಲ್ವಾ? ಆದರೆ 1987ರಲ್ಲಿ ಅವರು ಇಟಲಿಯ ಯುವೆಂಟಸ್‌ಗೆ ಹೋಗುವ ಹೊತ್ತಿಗೆ ಲೆಕ್ಕ 331 ಪಂದ್ಯ, 207 ಗೋಲು ಇತ್ತು. ನೂರಕ್ಕೆ 62ಕ್ಕಿಂತ ತುಸು ಜಾಸ್ತಿಯೇ. ಅಂದರೆ ರಷ್ ಅಲ್ಲಿಂದ ವಾಪಸ್ ಬರದೇ ಇದ್ದಿದ್ದರೆ ಸರಾಸರಿಯಲ್ಲಿ ಸ್ವಾರೆಜ್‌ಗಿಂತ ಕೂದಲೆಳೆಯಷ್ಟು ಮುಂದೆಯೇ ಇರುತ್ತಿದ್ದರು. ಅವರು 1988ರಲ್ಲಿ ಮರಳಿ ಬಂದರು, 1996ರ ತನಕ ಆಡಿದರು, ವಯಸ್ಸಾಯಿತು, ಕಾಲು ನಿಧಾನವಾಯಿತು. ಸರಾಸರಿ ಇಳಿಯಿತು. ಸ್ವಾರೆಜ್ ಮೂರೂವರೆ ವರ್ಷ ಆಡಿ, ಕಾವು ಏರಿದ್ದಾಗಲೇ ಬಾರ್ಸಿಲೋನಾಗೆ ಹೊರಟರು. ಉಳಿದುಕೊಂಡವರಿಗೆ ದಂಡ ಹಾಕಿ ಹೊರಟುಹೋದವರಿಗೆ ಬಹುಮಾನ ಕೊಡುವ ಲೆಕ್ಕ ಇದು.

ಹಾಗಂತ ಸ್ವಾರೆಜ್ ಬಗ್ಗೆ ನನಗೆ ಮೆಚ್ಚುಗೆ ಇಲ್ಲ ಅಂದುಕೊಳ್ಳಬೇಡಿ. 2013-14ರ ಆ ಒಂದು ಸೀಸನ್ ಮಾತ್ರ ನೋಡಿ ಪಟ್ಟಿ ಮಾಡಿ ಅಂದರೆ ಅವರ ಹೆಸರನ್ನೇ ಮೊದಲು ಬರೆಯುತ್ತೇನೆ. ಲೀಗ್‌ನ 33 ಪಂದ್ಯಗಳಲ್ಲಿ 31 ಗೋಲು, ಒಂದೂ ಪೆನಾಲ್ಟಿ ಇಲ್ಲ. ಡಿಸೆಂಬರ್‌ನಲ್ಲಿ ನಾರ್ವಿಚ್ ವಿರುದ್ಧ ನಾಲ್ಕು ಗೋಲು ಹೊಡೆದ ರಾತ್ರಿ, ಮೊದಲನೆಯದು ಸುಮಾರು ನಲವತ್ತು ಗಜದಿಂದ ಹೋದದ್ದು. ಪುಟಿದು ಬಂದ ಚೆಂಡನ್ನು ನೆಲಕ್ಕೆ ಬಿಡದೆ ಬಾರಿಸಿದರು. ಗೋಲಿ (ಗೋಲ್‌ಕೀಪರ್) ಹಿಂದಕ್ಕೆ ಓಡಿದ್ದಷ್ಟೇ ಬಂತು. ಆದರೆ ಆ ವರ್ಷದ ಮೊದಲ ಐದು ಲೀಗ್ ಪಂದ್ಯಗಳಲ್ಲಿ ಅವರು ಇರಲಿಲ್ಲ. ಹಿಂದಿನ ಸೀಸನ್‌ನಲ್ಲಿ ಚೆಲ್ಸಿಯ ಇವಾನೊವಿಚ್ ಅವರ ತೋಳು ಕಚ್ಚಿದ್ದಕ್ಕೆ ಹತ್ತು ಪಂದ್ಯದ ನಿಷೇಧ ಬಿದ್ದಿತ್ತು. ಅದಕ್ಕೂ ಮುಂಚೆ, ಮ್ಯಾಂಚೆಸ್ಟರ್ ಯುನೈಟೆಡ್‌ನ ಎವ್ರಾ ಅವರನ್ನು ಜನಾಂಗೀಯವಾಗಿ ನಿಂದಿಸಿದ ಪ್ರಕರಣದಲ್ಲಿ ಎಂಟು ಪಂದ್ಯ. ಮೈದಾನಕ್ಕೆ ಇಳಿಯದವನು ಗೋಲು ಹೊಡೆಯುವುದಾದರೂ ಹೇಗೆ? ಲಿವರ್‌ಪೂಲ್‌ನಲ್ಲಿ ಅವರಿಗೆ ಸಿಕ್ಕ ಟ್ರೋಫಿ 2012ರ ಲೀಗ್ ಕಪ್ (ಲೀಗ್ ಬೇರೆ, ಈ ನಾಕೌಟ್ ಟೂರ್ನಿ ಬೇರೆ) ಒಂದೇ.

ಹಾಡ್ಜ್‌ಸನ್ ಅವರನ್ನೂ ಒಂದನೇ ಸ್ಥಾನಕ್ಕೆ ಏರಿಸದೇ ಇರಲು ಕಾರಣ ಇದೆ. ಅವರು ದಕ್ಷಿಣ ಆಫ್ರಿಕಾದವರು. 1924ರಲ್ಲಿ ಅಲ್ಲಿನ ಅಮೆಚೂರ್ ತಂಡದ ಜೊತೆ ಪ್ರವಾಸ ಬಂದಾಗ ಲಿವರ್‌ಪೂಲ್‌ನವರ ಕಣ್ಣಿಗೆ ಬಿದ್ದರು, 1925ರಲ್ಲಿ ಕ್ಲಬ್ ಸೇರಿದರು. ಅದೇ ವರ್ಷ ಆಫ್‌ಸೈಡ್ ನಿಯಮ ಬದಲಾಯಿತು. ಮೊದಲು ಮುಂದಿರುವ ಆಟಗಾರನಿಗೂ ಗೋಲು ಗೆರೆಗೂ ನಡುವೆ ಎದುರಾಳಿಗಳು ಮೂವರು ಇರಬೇಕಿತ್ತು, ಆಮೇಲೆ ಇಬ್ಬರು ಸಾಕು ಎಂದಾಯಿತು. ಆಗಿನ ಅತಿ ಮೇಲಿನ ದರ್ಜೆಯಾದ ಮೊದಲ ಡಿವಿಜನ್‌ನಲ್ಲಿ ಹಿಂದಿನ ಸೀಸನ್‌ಗೆ 1,192 ಗೋಲು ಬಿದ್ದಿದ್ದರೆ ಆ ಸೀಸನ್‌ಗೆ 1,703 ಬಿದ್ದವು. ಸ್ಟ್ರೈಕರ್‌ಗಳಿಗೆ ಹಬ್ಬದ ಕಾಲ. ಅದೇ ಊರಿನ ಎವರ್ಟನ್‌ನಲ್ಲಿ ಡಿಕ್ಸಿ ಡೀನ್ 1927-28ರಲ್ಲಿ ಲೀಗ್‌ನಲ್ಲೇ 60 ಗೋಲು ಹೊಡೆದರು. ಹಾಡ್ಜ್‌ಸನ್ 1930-31ರಲ್ಲಿ ಹೊಡೆದ 36 ಲೀಗ್ ಗೋಲು ಮೊದಲ ದರ್ಜೆಯಲ್ಲಿ ಲಿವರ್‌ಪೂಲ್‌ನ ಪರವಾಗಿ ಒಂದು ಸೀಸನ್‌ನ ದಾಖಲೆಯಾಗಿ ಇನ್ನೂ ಉಳಿದಿದೆ, 17 ಹ್ಯಾಟ್ರಿಕ್ ಬೇರೆ. ಆದರೆ ಅವರಿದ್ದ ಅಷ್ಟೂ ವರ್ಷ ಕ್ಲಬ್ ಒಂದು ಕಪ್ಪನ್ನೂ ಗೆಲ್ಲಲಿಲ್ಲ. (ಕ್ರಿಕೆಟ್ ಪ್ರಿಯರಿಗೆ: ಇದೇ ಹಾಡ್ಜ್‌ಸನ್ ಬೇಸಿಗೆಯಲ್ಲಿ ಲ್ಯಾಂಕಶೈರ್ ಕೌಂಟಿಗೆ ವೇಗದ ಬೌಲಿಂಗ್ ಮಾಡುತ್ತಿದ್ದರು. ಬೇಸ್‌ಬಾಲ್ ಕೂಡ ಆಡುತ್ತಿದ್ದರು. ಆ ಮನುಷ್ಯ ಮನೆಯಲ್ಲಿ ಯಾವಾಗ ಇರುತ್ತಿದ್ದರೋ!)

ಇನ್ನು ಅಸಲಿ ಜಗಳಕ್ಕೆ ಬರೋಣ. 346 ರಿಂದ 285 ಕಳೆದರೆ 61. ನಮಗೂ ಬರುತ್ತದೆ. ಆದರೆ ಲೀಗ್ ಒಂದನ್ನೇ ತೆಗೆದುಕೊಂಡರೆ ಹಂಟ್ 404 ಪಂದ್ಯಗಳಲ್ಲಿ 244, ರಷ್ 469 ಪಂದ್ಯಗಳಲ್ಲಿ 229. ಲೀಗ್‌ನಲ್ಲಿ ಇವತ್ತಿಗೂ ಕ್ಲಬ್ಬಿನ ದಾಖಲೆ ಹಂಟ್ ಅವರದ್ದೇ. ಹಾಗಾದರೆ ರಷ್ ಎಲ್ಲಿ ಮುಂದೆ ಹೋದರು? ಹೆಚ್ಚಾಗಿ ಲೀಗ್ ಕಪ್ಪಿನಲ್ಲಿ. ಅಲ್ಲೇ ಅವರಿಗೆ ಐವತ್ತರ ಹತ್ತಿರ ಗೋಲು ಸಿಕ್ಕವು. ಆ ಕಪ್ ಶುರುವಾಗಿದ್ದೇ 1960ರಲ್ಲಿ. ಮೊದಲ ವರ್ಷ ಆಡಿದ ಲಿವರ್‌ಪೂಲ್ ಆಮೇಲೆ ಹಲವು ವರ್ಷ ಅದರ ಕಡೆ ತಲೆ ಹಾಕಲಿಲ್ಲ. ಹಂಟ್ ಅವರ ಒಳ್ಳೆಯ ಕಾಲವೆಲ್ಲ ಆ ವರ್ಷಗಳಲ್ಲೇ ಕಳೆಯಿತು.

ನಿಮ್ಮ ಪತ್ರದಲ್ಲಿ ಇರಬೇಕಿದ್ದ, ಆದರೆ ಇಲ್ಲದ ಒಂದು ವಾದವಿದೆ. ನಿಮ್ಮ ಪರವಾಗಿ ನಾನೇ ಹಾಕುತ್ತೇನೆ. ಹಂಟ್ ಅವರ ಆ 244ರಲ್ಲಿ 77 ಗೋಲು ಎರಡನೇ ಡಿವಿಜನ್‌ನವು. ರಷ್ ಅವರದ್ದು ಅಷ್ಟೂ ಮೊದಲ ದರ್ಜೆಯಲ್ಲಿ. ಹಂಟ್ ವಿರುದ್ಧ ಇರುವ ಗಟ್ಟಿ ಮಾತು ಇದೊಂದೇ. ಆದರೆ ನಾನು ಅವರನ್ನು ಮೊದಲು ಇಟ್ಟಿದ್ದು ಆ 77ರಿಂದಲೇ.

1954ರಲ್ಲಿ ಲಿವರ್‌ಪೂಲ್ ಎರಡನೇ ಡಿವಿಜನ್‌ಗೆ ಬಿದ್ದಿತ್ತು. ಬಿದ್ದದ್ದು ಏಳಲೇ ಇಲ್ಲ. 1959ರ ಜನವರಿಯಲ್ಲಿ ವೂಸ್ಟರ್ ಸಿಟಿ ಅನ್ನುವ, ಲೀಗ್‌ನಲ್ಲೇ ಇಲ್ಲದ ತಂಡ ಎಲ್ಲ ದರ್ಜೆಯ ತಂಡಗಳೂ ಆಡುವ ಎಫ್‌ಎ ಕಪ್ ನಾಕೌಟ್ ಟೂರ್ನಿಯಲ್ಲಿ ಇವರನ್ನು 2-1ರಿಂದ ಸೋಲಿಸಿ ಮನೆಗೆ ಕಳಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹಂಟ್ ಮೊದಲ ಪಂದ್ಯ ಆಡಿದರು, ಗೋಲು ಹೊಡೆದರು. ಡಿಸೆಂಬರ್‌ನಲ್ಲಿ ಬಿಲ್ ಶ್ಯಾಂಕ್ಲಿ ಮ್ಯಾನೇಜರ್ ಆಗಿ ಬಂದರು. ಬಂದವರೇ ಆಟಗಾರರನ್ನು ಒಬ್ಬೊಬ್ಬರಾಗಿ ಹೊರಗೆ ಕಳಿಸತೊಡಗಿದರು. ಹಂಟ್ ಉಳಿದರು. ಎರಡು ವರ್ಷ ಸಾಲಾಗಿ ತಂಡ ಮೂರನೇ ಸ್ಥಾನದಲ್ಲಿ ನಿಂತಿತು. ಮೇಲಿನ ಡಿವಿಜನ್‌ಗೆ ಹೋಗುತ್ತಿದ್ದುದು ಎರಡೇ ತಂಡ. 1961-62ರಲ್ಲಿ ಹಂಟ್ ಲೀಗ್‌ನ 41 ಪಂದ್ಯ ಆಡಿದರು, 41 ಗೋಲು ಹೊಡೆದರು. ತಂಡ ಮೊದಲ ಸ್ಥಾನ ಪಡೆದು ಮೇಲೆ ಬಂತು. ಎರಡೇ ವರ್ಷಕ್ಕೆ, 1964ರಲ್ಲಿ, ಇಂಗ್ಲೆಂಡಿನ ಚಾಂಪಿಯನ್. ಆಗಲೂ ಹಂಟ್ 31 ಲೀಗ್ ಗೋಲು. 1966ರಲ್ಲಿ ಮತ್ತೆ ಚಾಂಪಿಯನ್.

ನಡುವೆ 1965ರ ಎಫ್‌ಎ ಕಪ್ ಫೈನಲ್. ಅಲ್ಲಿಯತನಕ ಲಿವರ್‌ಪೂಲ್ ಆ ಕಪ್ಪನ್ನು ಒಮ್ಮೆಯೂ ಗೆದ್ದಿರಲಿಲ್ಲ. ಎದುರಿಗೆ ಲೀಡ್ಸ್. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಡಿಫೆಂಡರ್ ಗೆರಿ ಬರ್ನ್ ಅವರ ಕೊರಳೆಲುಬು ಮುರಿಯಿತು. ಆಗೆಲ್ಲ ಬದಲಿ ಆಟಗಾರರನ್ನು ಇಳಿಸುವ ಹಾಗಿರಲಿಲ್ಲ. ಬರ್ನ್ ಯಾರಿಗೂ ಗೊತ್ತಾಗದ ಹಾಗೆ ಆಡುತ್ತಲೇ ಹೋದರು. ಹೆಚ್ಚುವರಿ ಸಮಯದ ಆರಂಭದಲ್ಲಿ ಅದೇ ಬರ್ನ್ ಎಡಗಡೆಯಿಂದ ನುಗ್ಗಿ ಚೆಂಡನ್ನು ಗೋಲಿನ ಮುಂದಕ್ಕೆ ಕಳಿಸಿದರು. ಹಂಟ್ ಬಗ್ಗಿ ತಲೆ ಕೊಟ್ಟರು. ಗೋಲು. ಲೀಡ್ಸ್ ಸಮ ಮಾಡಿತು, ಕೊನೆಗೆ ಇಯಾನ್ ಸೇಂಟ್ ಜಾನ್ ಹೊಡೆದ ಗೋಲಿನಿಂದ 2-1. ಮೂರೇ ದಿನಕ್ಕೆ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಇಂಟರ್ ಮಿಲಾನ್ ಎದುರು ನಾಲ್ಕನೇ ನಿಮಿಷಕ್ಕೇ ಹಂಟ್ ಗೋಲು ಹೊಡೆದರು. ಲಿವರ್‌ಪೂಲ್ ಅದನ್ನು 3-1ರಿಂದ ಗೆದ್ದು, ಮಿಲಾನ್‌ಗೆ ಹೋಗಿ 3-0ಯಿಂದ ಸೋತದ್ದು ಬೇರೆ ಮಾತು.

ರಷ್ ಬಂದಾಗ ಹೇಗಿತ್ತು? 1980ರಲ್ಲಿ ಚೆಸ್ಟರ್‌ನಿಂದ ಮೂರು ಲಕ್ಷ ಪೌಂಡ್ ಕೊಟ್ಟು ಕರೆತಂದರು. ಲಿವರ್‌ಪೂಲ್ ಆಗ ಲೀಗ್ ಚಾಂಪಿಯನ್. ಅದಕ್ಕೂ ಮುಂಚೆಯೇ ಎರಡು ಸಲ ಯುರೋಪಿಯನ್ ಕಪ್ ಗೆದ್ದಿತ್ತು. ಹಿಂದೆ ನಡುಮೈದಾನದಲ್ಲಿ ಸೂನೆಸ್, ಪಕ್ಕದಲ್ಲಿ ಡಾಲ್ಗ್ಲಿಷ್. ಮೊದಲ ಸೀಸನ್‌ನ ಒಂಬತ್ತು ಪಂದ್ಯಗಳಲ್ಲಿ ಒಂದೂ ಗೋಲು ಬರದಿದ್ದರೂ ತಂಡಕ್ಕೆ ಏನೂ ಆಗಲಿಲ್ಲ, ಆ ವರ್ಷವೂ ಯುರೋಪಿಯನ್ ಕಪ್ ಬಂತು. ಆಮೇಲೆ ಅವರು ಆಡಿದ ಆಟ ಮಾತ್ರ ಯಾರೂ ಮರೆಯುವಂಥದ್ದಲ್ಲ. 1982ರಲ್ಲಿ ಎವರ್ಟನ್‌ನ ಮೈದಾನದಲ್ಲೇ ಎವರ್ಟನ್‌ಗೆ ನಾಲ್ಕು ಗೋಲು. 1983-84ರಲ್ಲಿ ಒಟ್ಟು 47. 1986ರ ಎಫ್‌ಎ ಕಪ್ ಫೈನಲ್‌ನಲ್ಲಿ, ಅದೂ ಎವರ್ಟನ್ ಮುಂದಿದ್ದಾಗ, ಜೊತೆಗಾರ ಮೋಲ್ಬಿ ಕೊಟ್ಟ ಪಾಸ್ ಹಿಡಿದು ಗೋಲಿಯನ್ನು ಸುತ್ತಿಹಾಕಿ ಒಂದು. ಆಮೇಲೆ ಇನ್ನೊಂದು ಎಷ್ಟು ಬಿರುಸಾಗಿ ಹೋಯಿತೆಂದರೆ ಬಲೆಯೊಳಗೆ ಇಟ್ಟಿದ್ದ ಫೋಟೋಗ್ರಾಫರ್ ಒಬ್ಬರ ಕ್ಯಾಮೆರಾವೇ ಉರುಳಿತು. ಚಿಕ್ಕಂದಿನಲ್ಲಿ ರಷ್ ಎವರ್ಟನ್ ಅಭಿಮಾನಿ ಅನ್ನುವುದು ಇದರಲ್ಲಿನ ತಮಾಷೆ. ಫೌಲರ್, ಓವೆನ್ ಕೂಡ ಹಾಗೇ!

ಇನ್ನೂ ಒಂದು ಕಾರಣಕ್ಕೆ ರಷ್ ನನಗೆ ಇಷ್ಟ. ಎದುರಾಳಿ ಡಿಫೆಂಡರ್ ಕಾಲಲ್ಲಿ ಚೆಂಡು ಇದ್ದರೆ ಅವರು ಸುಮ್ನೆ ನಿಂತು ನೋಡುತ್ತಿರಲಿಲ್ಲ. ಬೆನ್ನು ಹತ್ತಿ ಓಡುತ್ತಿದ್ದರು. ತಪ್ಪು ಪಾಸ್ ಹೋದರೆ ಅಲ್ಲೇ ಕಿತ್ತುಕೊಳ್ಳುತ್ತಿದ್ದರು. ಈಗಿನವರು ಪ್ರೆಸ್ಸಿಂಗ್ ಅನ್ನುವ ಕೆಲಸವನ್ನು ಅವರು ನಲವತ್ತು ವರ್ಷದ ಹಿಂದೆಯೇ ಮಾಡಿದ್ದಾರೆ. ಹೀಗಾಗಿ ಹಂಟ್, ರಷ್ ನಡುವಿನ ಅಂತರ ಬಹಳ ಸಣ್ಣದು ಅಂತ ನಾನೂ ಒಪ್ಪುತ್ತೇನೆ. ಆದರೆ ರಷ್ ಇಲ್ಲದಿದ್ದರೂ ಆ ಲಿವರ್‌ಪೂಲ್ ಕೆಲವು ಕಪ್ ಗೆಲ್ಲುತ್ತಿತ್ತು. ಹಂಟ್ ಅವರ 41 ಗೋಲು ಇಲ್ಲದಿದ್ದರೆ 1962ರಲ್ಲಿ ಮೇಲೆ ಬರುತ್ತಿತ್ತೇ? ನನಗೆ ಅನುಮಾನ.

“ಹಂಟ್ ಆಟವನ್ನು ಯಾರು ನೋಡಿದ್ದೀರಿ” ಎಂದು ಕೇಳಿದ್ದೀರಿ. 1964ರ ಆಗಸ್ಟ್ 22ರಂದು ಬಿಬಿಸಿ ಟೀವಿಯಲ್ಲಿ ‘ಮ್ಯಾಚ್ ಆಫ್ ದ ಡೇ’ ಅನ್ನುವ ಫುಟ್‌ಬಾಲ್ ಕಾರ್ಯಕ್ರಮ ಶುರು ಮಾಡಿತು. ಮೊದಲ ದಿನ ತೋರಿಸಿದ್ದು ಲಿವರ್‌ಪೂಲ್-ಆರ್ಸೆನಲ್ ಪಂದ್ಯ. ಆ ಕಾರ್ಯಕ್ರಮದ ಮೊಟ್ಟಮೊದಲ ಗೋಲು ಹೊಡೆದವರು ಹಂಟ್. 1966ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಆಡಿದ ಆರೂ ಪಂದ್ಯಗಳಲ್ಲಿ ಅವರಿದ್ದರು, ಮೂರು ಗೋಲು ಹೊಡೆದರು. ಫೈನಲ್‌ನಲ್ಲಿ ಪಶ್ಚಿಮ ಜರ್ಮನಿ ಎದುರು ಇಂಗ್ಲೆಂಡಿನ ಹರ್ಸ್ಟ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಕೆಳಗೆ ಬಿದ್ದಾಗ, ಗೆರೆ ದಾಟಿತೋ ಇಲ್ಲವೋ ಅಂತ ಇವತ್ತಿಗೂ ಜಗಳವಿದೆ, ಹತ್ತಿರ ಇದ್ದವರು ಹಂಟ್. ಅವರು ಚೆಂಡಿನ ಹಿಂದೆ ಹೋಗಲಿಲ್ಲ. ಗೋಲು ಅಂತ ಕೈ ಎತ್ತಿ ತಿರುಗಿಬಿಟ್ಟರು. ತನ್ನ ಹೆಸರಿಗೆ ಒಂದು ವಿಶ್ವಕಪ್ ಫೈನಲ್ ಗೋಲು ಸೇರಿಸಿಕೊಳ್ಳಲು ಅಷ್ಟು ಹತ್ತಿರವಿದ್ದ ಸ್ಟ್ರೈಕರ್ ಹಾಗೆ ತಿರುಗುತ್ತಾನೆಂದರೆ ಅವನ ಕಣ್ಣಿಗೆ ಖಾತ್ರಿಯಾಗಿರಬೇಕು ಅನ್ನುವುದು ಇಂಗ್ಲೆಂಡಿನವರ ವಾದ. ಜರ್ಮನಿಯವರು ಒಪ್ಪುವುದಿಲ್ಲ, ಅದು ಅವರ ಹಕ್ಕು. ರಾಣಿ ಹಂಟ್‌ಗೆ ಸರ್ ಪದವಿ ಕೊಡಲಿಲ್ಲ. ಲಿವರ್‌ಪೂಲ್‌ನ ಮೈದಾನವಾದ ಆನ್‌ಫೀಲ್ಡ್‌ನ ಕಾಪ್ ಸ್ಟ್ಯಾಂಡಿನ ಜನ ಕಾಯಲೂ ಇಲ್ಲ, ತಾವೇ ‘ಸರ್ ರೋಜರ್’ ಎಂದು ಕರೆದರು. ಬೇರೆ ಕ್ಲಬ್ಬಿಗೆ ಹೋಗಿ ಎರಡು ವರ್ಷ ದಾಟಿದ ಮೇಲೆ, 1972ರಲ್ಲಿ ನಡೆದ ಅವರ ಗೌರವಾರ್ಥ ಪಂದ್ಯಕ್ಕೆ 56 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು.

ಒಂದು ವಿಷಯ ಮಾತ್ರ ನನಗೆ ಅರ್ಥವಾಗಿಲ್ಲ. 172 ಗೋಲಿನ ಡಾಲ್ಗ್ಲಿಷ್ ಅವರನ್ನು 241 ಗೋಲಿನ ಹಾಡ್ಜ್‌ಸನ್ ಮೇಲೆ ಕೂರಿಸಿದ್ದೇವೆ. ಅದೂ 515 ಪಂದ್ಯ ಆಡಿದವರನ್ನು. ಲೆಕ್ಕ ಹಿಡಿದು ಹೊಡೆದಾಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಪಟ್ಟಿಯಲ್ಲಿ ಇನ್ನೊಂದಿಲ್ಲ. ಆದರೂ ಬಂದ ಪತ್ರಗಳಲ್ಲಿ ಒಬ್ಬರೂ ಅದರ ಬಗ್ಗೆ ತುಟಿ ಬಿಚ್ಚಿಲ್ಲ, ನೀವೂ ಸೇರಿ. ಮುಂದಿನ ಪತ್ರ ಅಲ್ಲಿಂದ ಶುರು ಮಾಡಿ, ಉತ್ತರ ಸಿದ್ಧವಿದೆ.

— ಸಂಪಾದಕ