ಗಂಡ ಬೇಸರ ಅಂತ ಹೇಳಲ್ಲ, ಬರೀ ರೇಗುತ್ತಾರೆ: ಇದು ಖಿನ್ನತೆಯಾ?

ನೀವು ಬರೆದಿದ್ದು ನೋಡಿದರೆ ಖಿನ್ನತೆ ಇರುವ ಸಾಧ್ಯತೆ ಜಾಸ್ತಿ. ಗಂಡಸರಲ್ಲಿ ಅದು ಎಷ್ಟೋ ಸಲ ಅಳುವಾಗಿ ಕಾಣುವುದಿಲ್ಲ. ಸಣ್ಣದಕ್ಕೂ ರೇಗುವುದು, ಕುಡಿತ ಹೆಚ್ಚುವುದು, ಬೆನ್ನುನೋವು ಅನ್ನುವುದು, ನಸುಕಿನಲ್ಲೇ ಎಚ್ಚರವಾಗಿ ಕೂರುವುದು, ಹೀಗೆ ಕಾಣುತ್ತದೆ. ನಿಮ್ಮ ಯಜಮಾನರ ಬಗ್ಗೆ ನೀವು ಬರೆದಿರುವುದೂ ಇದನ್ನೇ ಅಲ್ವಾ. ನಮ್ಮಣ್ಣನಿಗೂ ಹೀಗೇ ಶುರುವಾಗಿತ್ತು. ಆದರೆ ಥೈರಾಯ್ಡ್ ತೊಂದರೆ, ಬಿ12 ಕೊರತೆ ಅಥವಾ ಕುಡಿತವೇ ಕಾರಣ ಇರಬಹುದು, ಪರೀಕ್ಷೆ ಮಾಡದೆ ಯಾರೂ ಖಚಿತವಾಗಿ ಹೇಳಲಾರರು.

ಮೊದಲು, ಮಕ್ಕಳಿಲ್ಲದ ಹೊತ್ತಲ್ಲಿ ನೇರವಾಗಿ ಕೇಳಿ: "ಬದುಕೇ ಬೇಡ ಅಂತ ಅನ್ನಿಸ್ತಿದೆಯಾ?" ಕೇಳಿದರೆ ಆ ಯೋಚನೆ ಹೊಸದಾಗಿ ಬರುವುದಿಲ್ಲ, ಹೆದರಬೇಡಿ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಕೀಟನಾಶಕ, ಮಾತ್ರೆಗಳನ್ನು ಮನೆಯಿಂದ ದೂರ ಇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇಲ್ಲ ಅಂದರೆ ಈ ವಾರವೇ ಮಾಮೂಲಿ ಡಾಕ್ಟರ ಹತ್ತಿರ ಹೋಗಿ. ಮನೋವೈದ್ಯರು ಅಂದರೆ ಬರಲ್ಲ ಅನ್ನುವವರು ಬೆನ್ನುನೋವು, ನಿದ್ದೆಗೆ ಅಂದರೆ ಬರುತ್ತಾರೆ. ರಕ್ತಪರೀಕ್ಷೆ ಜೊತೆ ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ ಪ್ರಶ್ನೆಪಟ್ಟಿ) ಮಾಡಿ ಅಂತ ನೀವೇ ಕೇಳಿ. ಕಳೆದ 2 ವಾರದ ಬಗ್ಗೆ 9 ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಹೆಚ್ಚು ಬಂದರೆ ಸರಿಯಾದ ತಪಾಸಣೆ ಬೇಕು. 9ನೇ ಪ್ರಶ್ನೆ ಸಾಯುವ ಯೋಚನೆಯದು, ಅದಕ್ಕೆ ಸೊನ್ನೆ ಬರದಿದ್ದರೆ ಒಟ್ಟು ಎಷ್ಟೇ ಇರಲಿ ಕಾಯಬೇಡಿ. ಈ ಪಟ್ಟಿಯಲ್ಲಿ ಸಿಟ್ಟಿನ ಪ್ರಶ್ನೆಯೂ ಇಲ್ಲ, ಕುಡಿತದ್ದೂ ಇಲ್ಲ, ಹಾಗಾಗಿ ಅಂಕ ಕಮ್ಮಿ ಬಂದರೂ ಅವೆರಡನ್ನೂ ಡಾಕ್ಟರಿಗೆ ಬಿಡಿಸಿ ಹೇಳಿ. ಕುಡಿತವನ್ನು ಒಮ್ಮೆಲೇ ನಿಲ್ಲಿಸಿಬಿಡಿ ಅಂತ ಹಟ ಮಾಡಬೇಡಿ, ದಿನಾ ಜಾಸ್ತಿ ಕುಡಿಯುವವರಿಗೆ ಅದು ಅಪಾಯ.

ಬರಲು ಒಪ್ಪದಿದ್ದರೆ ನೀವೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.